ಬೇರೆ ಡಿಗ್ರಿ ಓದಿ ಎಕನಾಮಿಕ್ಸ್ ಮಾಸ್ಟರ್ಸ್: ಗೋರೆಗಾಂವ್, ಪುಣೆ, ಕಲೀನಾ, ಗೋವಾ - ಯಾರಿಗೆ ಯಾವುದು?

ನನ್ನ ಮನೆ ಡೊಂಬಿವಲಿಯಲ್ಲಿ. ಭಾನುವಾರ ಬೆಳಗ್ಗೆ ಏಳೆಂಟು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಎಲ್ಲರೂ ಎಕನಾಮಿಕ್ಸ್‌ನಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಮಾಡಬೇಕೆಂದು ಹೊರಟವರು. ಆದರೆ ಡಿಗ್ರಿಯಲ್ಲಿ ಎಕನಾಮಿಕ್ಸ್ ಓದಿದವರು ಅವರಲ್ಲಿ ಒಬ್ಬರೋ ಇಬ್ಬರೋ. ಉಳಿದವರು ಇಂಜಿನಿಯರಿಂಗ್, ಬಿ.ಕಾಂ., ಫಿಸಿಕ್ಸ್ ಬಿ.ಎಸ್ಸಿ. ಈ ವರ್ಷ ಫಾರ್ಮಸಿ ಓದಿದ ಹುಡುಗಿಯೂ ಒಬ್ಬಳಿದ್ದಾಳೆ.

ನಾನೂ ಹಾಗೇ ಬಂದವನು. ಧಾರವಾಡದ ಕಡೆಯವನು, ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಇ. ಐರೋಲಿಯಲ್ಲಿ ನಾಲ್ಕು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿ, 27ನೇ ವಯಸ್ಸಿಗೆ ಎಕನಾಮಿಕ್ಸ್ ತರಗತಿಯಲ್ಲಿ ಕೂತೆ. ಆಗ ನನಗೆ ಕನ್ನಡದಲ್ಲಿ ಇದನ್ನೆಲ್ಲ ಬಿಡಿಸಿ ಹೇಳುವವರು ಯಾರೂ ಸಿಗಲಿಲ್ಲ. ಈಗ ಅಪ್ಪ-ಅಮ್ಮಂದಿರು ಬಂದು "ಸರ್, ಯಾವ ಕಾಲೇಜು ಒಳ್ಳೇದು?" ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ನೇರ ಉತ್ತರ ಇಲ್ಲ. ಒಬ್ಬನಿಗೆ ತುಂಬಾ ಒಳ್ಳೆಯ ಜಾಗದಲ್ಲಿ ಇನ್ನೊಬ್ಬಳಿಗೆ ಅರ್ಜಿ ಹಾಕಲೂ ಬರುವುದಿಲ್ಲ.

ನಾನು ಅವರಿಗೆ ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ.

ಪಿಯುಸಿಯಲ್ಲಿ ಗಣಿತ ಇತ್ತಾ?

ಡಿಗ್ರಿಯಲ್ಲಿ ಎಕನಾಮಿಕ್ಸ್ ಇರಲಿಲ್ಲ ಎಂದು ಜನ ಹೆದರುತ್ತಾರೆ. ಅದು ದೊಡ್ಡ ಅಡ್ಡಿಯಲ್ಲ. ಬಾಗಿಲು ಮುಚ್ಚುವುದು 12ನೇ ತರಗತಿಯ ಗಣಿತ. ಗೋರೆಗಾಂವ್‌ನ ಐಜಿಐಡಿಆರ್ ಎಂಬ ಸಂಶೋಧನಾ ಸಂಸ್ಥೆ ಇರಲಿ, ಕೋಲ್ಕತ್ತಾ ಮತ್ತು ದೆಹಲಿಯ ಐಎಸ್‌ಐ (ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್) ಇರಲಿ, 12ರಲ್ಲಿ ಗಣಿತ ಓದಿರಬೇಕು ಎನ್ನುತ್ತವೆ. ಇಂಜಿನಿಯರಿಂಗ್‌ನವರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ಪೆಟ್ಟು ಬೀಳುವುದು ಕಾಮರ್ಸ್‌ನವರಿಗೆ. ಮಹಾರಾಷ್ಟ್ರದ ಎಚ್‌ಎಸ್‌ಸಿ ಕಾಮರ್ಸ್‌ನಲ್ಲಿ ಗಣಿತ ಬಿಟ್ಟು ಎಸ್‌ಪಿ (ಸೆಕ್ರೆಟೇರಿಯಲ್ ಪ್ರಾಕ್ಟೀಸ್) ತಗೊಂಡವರು ಎಷ್ಟೋ ಜನ. ಊರಿನಲ್ಲಿ ಹೆಬಾ (ಗಣಿತವಿಲ್ಲದ ಪಿಯುಸಿ ಕಾಮರ್ಸ್) ಓದಿ ಬಂದವರಿಗೂ ಅದೇ ಕಥೆ. ಸೆಬಾ ಓದಿದವರು "ನಮಗೆ ಸ್ಟ್ಯಾಟಿಸ್ಟಿಕ್ಸ್ ಇತ್ತಲ್ಲ" ಎನ್ನುತ್ತಾರೆ. ಸ್ಟ್ಯಾಟಿಸ್ಟಿಕ್ಸ್ ಬೇರೆ, ಗಣಿತ ಬೇರೆ. ಅದೂ ನಡೆಯುತ್ತದೆ ಎಂದು ನೀವೇ ಅಂದುಕೊಂಡು ಅರ್ಜಿ ಹಾಕಬೇಡಿ. ಸಂಸ್ಥೆಗೆ ಇಮೇಲ್ ಬರೆದು ಕೇಳಿ, ಉತ್ತರ ಇಟ್ಟುಕೊಳ್ಳಿ.

ಇದಕ್ಕೊಂದು ದಾರಿ ಇದೆ. ಎನ್‌ಐಒಎಸ್ ಎಂಬ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ 12ನೇ ಹಂತದ ಒಂದೇ ವಿಷಯಕ್ಕೂ ದಾಖಲಾಗಬಹುದು. ಡಿಗ್ರಿ ಮುಗಿದವರೂ ಗಣಿತ ಒಂದನ್ನೇ ಓದಿ ಪರೀಕ್ಷೆ ಬರೆಯಬಹುದು. ನಮ್ಮ ತರಗತಿಯ ಬಿ.ಕಾಂ. ಹುಡುಗಿಯೊಬ್ಬಳು ಈಗ ಅದನ್ನೇ ಮಾಡುತ್ತಿದ್ದಾಳೆ. ಅವಳ ಅಪ್ಪನಿಗೆ ಘಾಟ್ಕೋಪರ್‌ನಲ್ಲಿ ಹೋಟೆಲ್. "ಡಿಗ್ರಿ ಆದ ಮೇಲೆ ಮತ್ತೆ ಪಿಯುಸಿಯಾ?" ಎಂದು ಅವರಿಗೆ ಬೇಜಾರಾಗಿತ್ತು. ಒಂದು ವರ್ಷ ಜಾಸ್ತಿ ಹೋಗುತ್ತದೆ, ನಿಜ. ಆದರೆ ಆ ವರ್ಷ ಕಲಿತ ಕ್ಯಾಲ್ಕುಲಸ್ ಮುಂದಿನ ಎರಡು ವರ್ಷ ದಿನಾ ಕೈಗೆ ಬರುತ್ತದೆ. ಇಲ್ಲೂ ಅಷ್ಟೇ: ನೀವು ಸೇರಬೇಕೆಂದಿರುವ ಸಂಸ್ಥೆ ಇದನ್ನು ಒಪ್ಪುತ್ತದಾ ಎಂದು ಮೊದಲೇ ಬರೆದು ಕೇಳಿ. ಹಣ ಕಟ್ಟುವುದು ಆಮೇಲೆ.

ಸರ್ಟಿಫಿಕೇಟ್ ಮೇಲೆ ಏನು ಬರೆದಿರುತ್ತದೆ?

ಎರಡನೇ ಪ್ರಶ್ನೆ ಇದು. ಇದನ್ನು ಯಾರೂ ಕೇಳುವುದಿಲ್ಲ. ಕೇಳದೆ ಸೇರಿ ಆಮೇಲೆ ಅತ್ತವರನ್ನು ನೋಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತೇನೆ.

ಯುಪಿಎಸ್‌ಸಿ ನಡೆಸುವ ಇಂಡಿಯನ್ ಎಕನಾಮಿಕ್ ಸರ್ವೀಸ್ (ಐಇಎಸ್) ಪರೀಕ್ಷೆಗೆ ಎಕನಾಮಿಕ್ಸ್, ಅಪ್ಲೈಡ್ ಎಕನಾಮಿಕ್ಸ್, ಬಿಸಿನೆಸ್ ಎಕನಾಮಿಕ್ಸ್ ಅಥವಾ ಎಕನಾಮೆಟ್ರಿಕ್ಸ್‌ನಲ್ಲಿ (ಆರ್ಥಿಕ ಅಂಕಿಅಂಶಗಳ ವಿಶ್ಲೇಷಣೆ) ಸ್ನಾತಕೋತ್ತರ ಪದವಿ ಬೇಕು. ಡೆವಲಪ್‌ಮೆಂಟ್ ಸ್ಟಡೀಸ್ ಆ ಪಟ್ಟಿಯಲ್ಲಿಲ್ಲ. ಪಬ್ಲಿಕ್ ಪಾಲಿಸಿಯೂ ಇಲ್ಲ. ರಿಸರ್ವ್ ಬ್ಯಾಂಕಿನ ಆರ್ಥಿಕ ಸಂಶೋಧನಾ ವಿಭಾಗ ಡಿಇಪಿಆರ್. ಅಲ್ಲಿನ ಗ್ರೇಡ್ ಬಿ ಅಧಿಕಾರಿ ಹುದ್ದೆಗೂ ಎಕನಾಮಿಕ್ಸ್ ಅಥವಾ ಅದಕ್ಕೆ ಹತ್ತಿರದ ವಿಷಯದ ಮಾಸ್ಟರ್ಸ್ ಬೇಕು. ಕಾಲೇಜಿನಲ್ಲಿ ಎಕನಾಮಿಕ್ಸ್ ಪಾಠ ಮಾಡಲು ಆ ವಿಷಯದ ನೆಟ್‌ನಂಥ ಅರ್ಹತಾ ಪರೀಕ್ಷೆ ಬರೆಯಬೇಕು, ಅದಕ್ಕೂ ಆ ವಿಷಯದ ಮಾಸ್ಟರ್ಸ್ ಬೇಕು.

ಅಂದರೆ ಬಿ.ಇ. ಇದ್ದರೂ ಬಿ.ಕಾಂ. ಇದ್ದರೂ ಈ ಕೆಲಸಗಳಿಗೆ ತೊಂದರೆಯಿಲ್ಲ. ಮಾಸ್ಟರ್ಸ್ ಮಾತ್ರ ಎಕನಾಮಿಕ್ಸ್ ಆಗಿರಬೇಕು. ಒಂದೇ ಸಂಸ್ಥೆಯಲ್ಲಿ ನಾಲ್ಕೈದು ಹೆಸರಿನ ಕೋರ್ಸ್ ಇದ್ದಾಗ ಸೀಟು ಸುಲಭ ಎಂದು ಯಾವುದೋ ಒಂದಕ್ಕೆ ಸೇರುವ ಮುಂಚೆ ಈ ಹುದ್ದೆಗಳ ಪ್ರಕಟಣೆ ತೆರೆದು ಹೆಸರು ತಾಳೆ ನೋಡಿ. ಹತ್ತು ನಿಮಿಷದ ಕೆಲಸ.

ಎನ್‌ಜಿಒ, ಕ್ಷೇತ್ರ ಅಧ್ಯಯನ, ನೀತಿ ಸಲಹೆ ಕಡೆ ಮನಸ್ಸಿರುವವರಿಗೆ ಈ ಎಚ್ಚರಿಕೆ ಅಷ್ಟಾಗಿ ಬೇಡ. ಅಂಥವರಿಗೆ ದೇವನಾರ್‌ನ ಟಿಸ್‌ನಲ್ಲಿ (ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಶಿಯಲ್ ಸೈನ್ಸಸ್) ಡೆವಲಪ್‌ಮೆಂಟ್ ಸ್ಟಡೀಸ್ ಎಂ.ಎ. ನಿಜಕ್ಕೂ ಒಳ್ಳೆಯದು. ಅಲ್ಲಿಗೆ ಸಿಯುಇಟಿ-ಪಿಜಿ ಎಂಬ ದೇಶಮಟ್ಟದ ಪ್ರವೇಶ ಪರೀಕ್ಷೆಯ ಮೂಲಕ ಹೋಗಬೇಕು. ಗಣಿತದ ಭಯ ಇರುವ, ಆದರೆ ಬಡತನ, ಕೂಲಿ, ವಲಸೆ ಎಂದರೆ ಮನಸ್ಸು ಕರಗುವ ಹುಡುಗರಿಗೆ ನಾನೇ ಅದನ್ನು ಹೇಳುತ್ತೇನೆ. ಅದು ಎಕನಾಮಿಕ್ಸ್ ಪದವಿ ಅಲ್ಲ ಎಂದು ತಿಳಿದು ಸೇರಿದರೆ ಸಾಕು.

ಗೋರೆಗಾಂವ್: ಐಜಿಐಡಿಆರ್

ಇಂದಿರಾ ಗಾಂಧಿ ಇನ್‌ಸ್ಟಿಟ್ಯೂಟ್ ಆಫ್ ಡೆವಲಪ್‌ಮೆಂಟ್ ರಿಸರ್ಚ್. 1987ರಲ್ಲಿ ರಿಸರ್ವ್ ಬ್ಯಾಂಕ್ ಕಟ್ಟಿದ್ದು. ಗೋರೆಗಾಂವ್ ಪೂರ್ವದಲ್ಲಿ, ಫಿಲ್ಮ್ ಸಿಟಿ ಹತ್ತಿರ, ಗುಡ್ಡದ ಮೇಲೆ ಇದೆ. ಇಷ್ಟು ವರ್ಷ ಮುಂಬೈಯಲ್ಲಿದ್ದೂ ಇದನ್ನು ನೋಡದ ಕನ್ನಡಿಗರೇ ಜಾಸ್ತಿ. ಸಣ್ಣ ಸಂಸ್ಥೆ, ಒಳಗೇ ಹಾಸ್ಟೆಲ್, ಒಳ್ಳೆಯ ಗ್ರಂಥಾಲಯ. ಊಟದ ಮೇಜಿನಲ್ಲಿ ಪಕ್ಕದಲ್ಲಿ ಕೂತವರು ಪಿಎಚ್‌ಡಿ ಮಾಡುತ್ತಿರುತ್ತಾರೆ.

ಬೇರೆ ವಿಷಯ ಓದಿದವರಿಗೆ ಮುಂಬೈಯಲ್ಲಿ ಇದಕ್ಕಿಂತ ಸ್ಪಷ್ಟವಾಗಿ ಬಾಗಿಲು ತೆರೆದ ಸಂಸ್ಥೆ ಇನ್ನೊಂದಿಲ್ಲ. ಇಲ್ಲಿನ ಎಂ.ಎಸ್ಸಿ. ಎಕನಾಮಿಕ್ಸ್‌ಗೆ ಬಿ.ಇ., ಬಿ.ಟೆಕ್., ಬಿ.ಕಾಂ., ಫಿಸಿಕ್ಸ್ ಅಥವಾ ಗಣಿತದ ಬಿ.ಎಸ್ಸಿ. ಮಾಡಿದವರನ್ನು ತೆಗೆದುಕೊಳ್ಳುತ್ತಾ ಬಂದಿದ್ದಾರೆ. ಎಕನಾಮಿಕ್ಸ್ ಓದಿದವರಿಗಿಂತ ನಮ್ಮಂಥವರಿಂದ ಸ್ವಲ್ಪ ಜಾಸ್ತಿ ಅಂಕ ಕೇಳುತ್ತಾರೆ, ಅಷ್ಟೇ. ಇತಿಹಾಸ, ಸಾಹಿತ್ಯದ ಬಿ.ಎ. ಮಾಡಿದವರಿಗೆ ಇದು ದಾರಿಯಲ್ಲ.

ಪ್ರವೇಶ ಪರೀಕ್ಷೆಯ ಬೆನ್ನೆಲುಬು ಗಣಿತ. ಹಾಗಾಗಿ ಇಂಜಿನಿಯರಿಂಗ್‌ನವರು ಒಳಗೆ ಹೋಗುವುದು ಕಷ್ಟವಲ್ಲ. ಕಷ್ಟ ಶುರುವಾಗುವುದು ಒಳಗೆ ಹೋದ ಮೇಲೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಮಾಟುಂಗದಲ್ಲಿ ಒಬ್ಬರು ಹೋಟೆಲ್ ನಡೆಸುತ್ತಾರೆ ಎಂದುಕೊಳ್ಳಿ. ಜಾಗ ಅಜ್ಜನ ಕಾಲದ್ದು, ಸ್ವಂತದ್ದು. ತಿಂಗಳಿಗೆ ಖರ್ಚೆಲ್ಲ ಕಳೆದು ಒಂದು ಲಕ್ಷ ಉಳಿಯುತ್ತದೆ. "ನನಗೆ ಬಾಡಿಗೆಯ ಗೋಳಿಲ್ಲ, ಲಾಭದಲ್ಲಿದ್ದೇನೆ" ಎನ್ನುತ್ತಾರೆ. ಅದೇ ಜಾಗವನ್ನು ಮೊಬೈಲ್ ಅಂಗಡಿಗೆ ಕೊಟ್ಟರೆ ಒಂದೂವರೆ ಲಕ್ಷ ಬಾಡಿಗೆ ಬರುತ್ತದೆ. ಹಾಗಿದ್ದರೆ ಅವರಿಗೆ ಲಾಭವಾ, ನಷ್ಟವಾ? ಇಂಜಿನಿಯರಿಂಗ್ ಓದಿದ ನಾನು ಮೊದಲ ಸಲ ಇಂಥ ಪ್ರಶ್ನೆಗೆ "ಒಂದು ಲಕ್ಷ ಲಾಭ" ಎಂದು ಬರೆದಿದ್ದೆ. ಎಕನಾಮಿಕ್ಸ್ ಲೆಕ್ಕದಲ್ಲಿ ಅವರು ತಿಂಗಳಿಗೆ ಐವತ್ತು ಸಾವಿರ ಬಿಟ್ಟುಕೊಡುತ್ತಿದ್ದಾರೆ. ಹಾಗಾದರೆ ಹೋಟೆಲ್ ಯಾಕೆ ನಡೆಸುತ್ತಾರೆ? ಅಜ್ಜನ ಹೆಸರು, ಗಿರಾಕಿಗಳ ಒಡನಾಟ, ಮಗ ಮುಂದೆ ನೋಡಿಕೊಳ್ಳುತ್ತಾನೆ ಎಂಬ ಆಸೆ. ಇದಕ್ಕೆಲ್ಲ ಅವರು ಐವತ್ತು ಸಾವಿರಕ್ಕಿಂತ ಜಾಸ್ತಿ ಬೆಲೆ ಕೊಡುತ್ತಾರೆ ಎಂದರ್ಥ. ಲೆಕ್ಕ ಎರಡನೇ ತರಗತಿಯ ಕಳೆಯುವ ಲೆಕ್ಕ. ಯಾವುದರಿಂದ ಯಾವುದನ್ನು ಕಳೆಯಬೇಕು ಎಂದು ತಿಳಿಯುವುದೇ ಎಕನಾಮಿಕ್ಸ್.

ನಮ್ಮಂಥವರು ಸಮೀಕರಣ ಬಿಡಿಸಿ ಪೆನ್ನು ಕೆಳಗಿಡುತ್ತೇವೆ. ಅದರ ಹಿಂದೆ ಯಾರು ಏನನ್ನು ಆಯ್ದುಕೊಂಡರು, ಯಾಕೆ ಎಂದು ಹೇಳುವುದಿಲ್ಲ. ಅಲ್ಲೇ ಅಂಕ ಹೋಗುತ್ತದೆ. ಬಿ.ಕಾಂ. ಮಕ್ಕಳಿಗೆ ಇದು ಬೇಗ ಹಿಡಿಸುತ್ತದೆ, ಮನೆಯಲ್ಲಿ ವ್ಯಾಪಾರ ಇದ್ದವರಿಗೆ ಇನ್ನೂ ಬೇಗ. ಅವರಿಗೆ ಕ್ಯಾಲ್ಕುಲಸ್ ಕೈ ಕೊಡುತ್ತದೆ. ಹಾಗಾಗಿ ನನ್ನ ತರಗತಿಯಲ್ಲಿ ಒಬ್ಬ ಬಿ.ಇ., ಒಬ್ಬ ಬಿ.ಕಾಂ. ಎಂದು ಜೋಡಿ ಮಾಡಿ ಕೂರಿಸುತ್ತೇನೆ.

ಐಜಿಐಡಿಆರ್ ಪಿಎಚ್‌ಡಿ ಪ್ರವೇಶದಲ್ಲೂ ಇಂಜಿನಿಯರಿಂಗ್ ಪದವೀಧರರಿಗೆ ಜಾಗ ಕೊಟ್ಟಿದೆ. ಆದರೂ ಎಂ.ಎಸ್ಸಿ. ಮಾಡಿ ಹೋಗುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಸಂಶೋಧನೆ ಇಷ್ಟವೋ ಇಲ್ಲವೋ ಎಂದು ತಿಳಿಯಲು ಎರಡು ವರ್ಷ ಬೇಕೇ ಬೇಕು.

ಪುಣೆ: ಗೋಖಲೆ ಮತ್ತು ಉಳಿದವು

ಬಿಎಂಸಿಸಿ ರಸ್ತೆಯ ಗೋಖಲೆ ಇನ್‌ಸ್ಟಿಟ್ಯೂಟ್ ಆಫ್ ಪಾಲಿಟಿಕ್ಸ್ ಅಂಡ್ ಎಕನಾಮಿಕ್ಸ್ 1930ರಲ್ಲಿ ಶುರುವಾದದ್ದು. ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಸ್ಥಾಪಿಸಿದ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿ ಅದನ್ನು ಕಟ್ಟಿತು. ಡಿ.ಆರ್. ಗಾಡ್ಗೀಳ್ ಅದರ ಮೊದಲ ನಿರ್ದೇಶಕರು. ನನಗೆ ತುಂಬಾ ಇಷ್ಟವಾದ ಸಂಗತಿ ಒಂದಿದೆ. ಗೋಖಲೆಯವರು ಮೊದಲು ಗಣಿತದ ಮೇಷ್ಟ್ರು. ಅಂಕಗಣಿತದ ಪಠ್ಯಪುಸ್ತಕವನ್ನೂ ಮಾಡಿದವರು. ಆಮೇಲೆ ಫರ್ಗ್ಯುಸನ್ ಕಾಲೇಜಿನಲ್ಲಿ ಇತಿಹಾಸ ಮತ್ತು ಅರ್ಥಶಾಸ್ತ್ರ ಪಾಠ ಮಾಡಿದರು. ಬೇರೆ ಕಡೆಯಿಂದ ಬಂದೆ ಎಂದು ಹಿಂಜರಿಯುವ ಮಕ್ಕಳಿಗೆ ನಾನು ಇದನ್ನೇ ಹೇಳುತ್ತೇನೆ. ಎಕನಾಮಿಕ್ಸ್‌ನ ಮೊಟ್ಟಮೊದಲ ನೊಬೆಲ್ 1969ರಲ್ಲಿ ಬಂದದ್ದು ಇಬ್ಬರಿಗೆ. ಅವರಲ್ಲಿ ಒಬ್ಬರಾದ ಯಾನ್ ಟಿನ್‌ಬರ್ಗನ್ ಪಿಎಚ್‌ಡಿ ಮಾಡಿದ್ದು ಫಿಸಿಕ್ಸ್ ಗುರುಗಳ ಕೈಕೆಳಗೆ.

ಗೋಖಲೆ ತನ್ನದೇ ಪ್ರವೇಶ ಪರೀಕ್ಷೆ ನಡೆಸುತ್ತದೆ. ಐಜಿಐಡಿಆರ್‌ಗೆ ಹೋಲಿಸಿದರೆ ಗಣಿತ ಹಗುರ. ಬೇರೆ ಬೇರೆ ಪದವಿಯವರು ಸೇರುತ್ತಾರೆ. ಎಂ.ಎಸ್ಸಿ. ಎಕನಾಮಿಕ್ಸ್ ಜೊತೆಗೆ ಫೈನಾನ್ಷಿಯಲ್ ಎಕನಾಮಿಕ್ಸ್, ಅಗ್ರಿಬಿಸಿನೆಸ್ ಎಕನಾಮಿಕ್ಸ್‌ನಂಥ ಕೋರ್ಸ್‌ಗಳೂ ಇವೆ. ಮೇಲೆ ಹೇಳಿದ ಹೆಸರು ತಾಳೆ ನೋಡುವ ಕೆಲಸ ಇಲ್ಲಿ ಮುಖ್ಯ. ಬ್ಯಾಂಕ್, ಕನ್ಸಲ್ಟಿಂಗ್ ಕಡೆ ಹೋಗುವವರಿಗೆ ಫೈನಾನ್ಷಿಯಲ್ ಎಕನಾಮಿಕ್ಸ್ ಸರಿ. ಐಇಎಸ್ ಕನಸಿದ್ದರೆ ಸುಮ್ನೆ ಎಂ.ಎಸ್ಸಿ. ಎಕನಾಮಿಕ್ಸ್ ಹಿಡಿಯಿರಿ. ಕೃಷಿ ಬಿ.ಎಸ್ಸಿ. ಮಾಡಿದ ನಮ್ಮ ಉತ್ತರ ಕರ್ನಾಟಕದ ಹುಡುಗರು ಪುಣೆ ಕಡೆ ಬಹಳ ಇದ್ದಾರೆ. ಅವರು ಅಗ್ರಿಬಿಸಿನೆಸ್ ಎಕನಾಮಿಕ್ಸ್ ಖಂಡಿತ ನೋಡಬೇಕು. ಅಲ್ಲಿ ಅವರ ಹಳೆಯ ಓದು ವ್ಯರ್ಥವಾಗುವುದಿಲ್ಲ.

ಒಂದೇ ಸಲ ಎರಡೂ ಕಡೆ ಸೀಟು ಸಿಕ್ಕರೆ? ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಮುಂದೆ ಪಿಎಚ್‌ಡಿ, ಅದೂ ಹೊರದೇಶದಲ್ಲಿ ಎಂದಿದ್ದರೆ ಐಜಿಐಡಿಆರ್. ಅಲ್ಲಿನ ಗಣಿತ ಮತ್ತು ಎಕನಾಮೆಟ್ರಿಕ್ಸ್ ಮುಂದೆ ದಾರಿ ಮಾಡಿಕೊಡುತ್ತದೆ. ಎರಡು ವರ್ಷ ಓದಿ ಕೆಲಸಕ್ಕೆ ಸೇರಬೇಕು, ಗಣಿತ ಅಷ್ಟಕ್ಕಷ್ಟೇ, ಓದಿನ ಜೊತೆ ಊರೂ ಬೇಕು ಎಂದಿದ್ದರೆ ಗೋಖಲೆ. ಹೆಸರು ದೊಡ್ಡದೆಂದು ಐಜಿಐಡಿಆರ್‌ಗೆ ಹೋಗಿ ಮೊದಲ ಸೆಮಿಸ್ಟರ್‌ನಲ್ಲೇ ಕಂಗಾಲಾದವನನ್ನು ನೋಡಿದ್ದೇನೆ. ಅವನು ಬುದ್ಧಿವಂತನೇ. ಅವನಿಗೆ ಬೇಕಾದ ಎಕನಾಮಿಕ್ಸ್ ಬೇರೆಯದಾಗಿತ್ತು.

ಸೇನಾಪತಿ ಬಾಪಟ್ ರಸ್ತೆಯ ಸಿಂಬಯೋಸಿಸ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲೂ ಎಂ.ಎಸ್ಸಿ. ಇದೆ. ಖಾಸಗಿ, ಫೀ ಲಕ್ಷಗಳಲ್ಲಿ. ಸಾಲ ಮಾಡಿ ಸೇರುವುದಾದರೆ ಕಂತು ಎಷ್ಟು, ಎಷ್ಟು ವರ್ಷ ಎಂದು ಮನೆಯವರ ಜೊತೆ ಕೂತು ಕಾಗದದ ಮೇಲೆ ಬರೆಯಿರಿ. ಗಣೇಶಖಿಂಡದ ಪುಣೆ ವಿಶ್ವವಿದ್ಯಾಲಯದಲ್ಲೂ ಎಕನಾಮಿಕ್ಸ್ ಎಂ.ಎ. ಇದೆ. ಅಲ್ಲಿ ಫೀ ಕಡಿಮೆ.

ಕಲೀನಾ

ಮುಂಬೈ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ವಿಭಾಗ ನೂರು ವರ್ಷ ದಾಟಿದ್ದು. ಹೆಸರಾಂತ ಅರ್ಥಶಾಸ್ತ್ರಜ್ಞರಾದ ಸಿ.ಎನ್. ವಕೀಲ್, ಪಿ.ಆರ್. ಬ್ರಹ್ಮಾನಂದ ಇಲ್ಲಿ ಪಾಠ ಮಾಡಿದವರು. ಈಗ ಅದರ ಹೆಸರು ಮುಂಬೈ ಸ್ಕೂಲ್ ಆಫ್ ಎಕನಾಮಿಕ್ಸ್ ಅಂಡ್ ಪಬ್ಲಿಕ್ ಪಾಲಿಸಿ. ಕಲೀನಾದ ಅದೇ ಆವರಣದಲ್ಲಿ ನಮ್ಮ ಕನ್ನಡ ವಿಭಾಗವೂ ಇದೆ.

ಮನೆ ಕುರ್ಲಾ, ಮುಲುಂಡ್, ಡೊಂಬಿವಲಿಯಲ್ಲಿ ಇದ್ದು, ಹಾಸ್ಟೆಲ್ ಖರ್ಚು ಬೇಡ ಎನ್ನುವವರಿಗೆ ಇದು ಒಳ್ಳೆಯದು. ಕುರ್ಲಾದಲ್ಲಿ ಇಳಿದು ಬಸ್ಸೋ ರಿಕ್ಷಾವೋ ಹಿಡಿದರೆ ಆಯಿತು. ಸರ್ಕಾರಿ ವಿಶ್ವವಿದ್ಯಾಲಯವಾದ್ದರಿಂದ ಫೀ ಭಾರವಲ್ಲ. ಹುಡುಗಿಯರನ್ನು ಬೇರೆ ಊರಿಗೆ ಕಳಿಸಲು ಹಿಂದೆಮುಂದೆ ನೋಡುವ ಮನೆಗಳು ಇನ್ನೂ ಇವೆ. ಅಂಥ ಕಡೆ ಕಲೀನಾ ಎಷ್ಟೋ ಮಕ್ಕಳ ಓದನ್ನು ಉಳಿಸಿದೆ. ಲೋಕಲ್‌ನಲ್ಲಿ ದಿನಕ್ಕೆ ಮೂರು ಗಂಟೆ ಹೋಗುವುದನ್ನೂ ಲೆಕ್ಕಕ್ಕೆ ಹಿಡಿಯಿರಿ, ಅದೂ ಒಂದು ಫೀ.

ಗೋವಾ

ವಾಸ್ಕೋ, ಮಡಗಾಂವ್ ಕಡೆಯ ಕನ್ನಡ ಮನೆಗಳಿಂದ ಆಗಾಗ ಫೋನ್ ಬರುತ್ತದೆ. ಮೊದಲು ಒಂದು ಗೊಂದಲ ಬಿಡಿಸುತ್ತೇನೆ. ಝುವಾರಿನಗರದ ಬಿಟ್ಸ್ ಕ್ಯಾಂಪಸ್‌ನಲ್ಲಿ ಎಂ.ಎಸ್ಸಿ. ಎಕನಾಮಿಕ್ಸ್ ಇದೆ ಎಂದು ನೋಡಿ ಡಿಗ್ರಿ ಮುಗಿಸಿದವರು ಆಸೆಪಡುತ್ತಾರೆ. ಅದು 12ರ ನಂತರ ಬಿಟ್‌ಸ್ಯಾಟ್ ಬರೆದು ಸೇರುವ ಕೋರ್ಸ್. ಡಿಗ್ರಿ ಆದವರಿಗೆ ಅಲ್ಲ.

ಡಿಗ್ರಿ ಆದವರಿಗೆ ಇರುವುದು ತಾಳೆಗಾಂವ್ ಗುಡ್ಡದ ಮೇಲಿನ ಗೋವಾ ವಿಶ್ವವಿದ್ಯಾಲಯ. ಅಲ್ಲಿನ ಗೋವಾ ಬಿಸಿನೆಸ್ ಸ್ಕೂಲ್‌ನಲ್ಲಿ ಕಾಮರ್ಸ್, ಮ್ಯಾನೇಜ್‌ಮೆಂಟ್ ಜೊತೆಗೆ ಎಕನಾಮಿಕ್ಸ್ ಎಂ.ಎ. ಕೂಡ ಇದೆ. ಪ್ರವೇಶಕ್ಕೆ ಜಿಯು-ಆರ್ಟ್ ಎಂಬ ಅವರದೇ ಪರೀಕ್ಷೆ. ಗೋವಾದಲ್ಲೇ ಡಿಗ್ರಿ ಮಾಡಿದವರು ಇದನ್ನು ಬಿಡಬಾರದು. ಹೊರಗಿನವರು ಇದೊಂದನ್ನೇ ನಂಬಿ ಕೂರಬಾರದು.

ಕೆಲಸ ಬಿಡಲು ಆಗದವರಿಗೆ

ಮನೆಯ ಕಂತು, ತಂಗಿಯ ಮದುವೆ, ಊರಿನಲ್ಲಿ ಅಪ್ಪ-ಅಮ್ಮ. ಕೆಲಸ ಬಿಟ್ಟು ಓದು ಎಂದು ಹೇಳುವುದು ಸುಲಭ. ಅಂಥವರಿಗೆ ಇಗ್ನೋ ಮುಕ್ತ ವಿಶ್ವವಿದ್ಯಾಲಯದ ಎಂ.ಎ. ಎಕನಾಮಿಕ್ಸ್ ಇದೆ. ಯಾವ ಡಿಗ್ರಿ ಇದ್ದರೂ ಸೇರಬಹುದು. ಎರಡು ವರ್ಷದಲ್ಲಿ ಆಗದಿದ್ದರೆ ನಾಲ್ಕು ವರ್ಷದ ತನಕ ಸಮಯ ಇರುತ್ತದೆ. ಪಠ್ಯ ಚೆನ್ನಾಗಿದೆ. ಎಕನಾಮಿಕ್ಸ್ ಎಂದೇ ಸರ್ಟಿಫಿಕೇಟ್ ಬರುತ್ತದೆ. ಆದರೆ ಎದುರಿಗೆ ಮೇಷ್ಟ್ರಿಲ್ಲ, ಪಕ್ಕದಲ್ಲಿ ಗೆಳೆಯರಿಲ್ಲ. ಮೂರು ಜನ ಸೇರಿ ವಾರಕ್ಕೊಮ್ಮೆಯಾದರೂ ಒಟ್ಟಿಗೆ ಓದಿ. ಒಬ್ಬರೇ ಓದುವವರು ಅಸೈನ್‌ಮೆಂಟ್‌ನಲ್ಲೇ ನಿಂತುಬಿಡುತ್ತಾರೆ.

ಇನ್ನೊಂದು ಅಮೆರಿಕದ ಎಂಐಟಿಯ ಆನ್‌ಲೈನ್ ಮೈಕ್ರೊಮಾಸ್ಟರ್ಸ್. ದತ್ತಾಂಶ, ಅರ್ಥಶಾಸ್ತ್ರ ಮತ್ತು ನೀತಿ ರಚನೆಯ ಕೋರ್ಸ್ ಅದು. ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞರಾದ ಎಸ್ತರ್ ಡುಫ್ಲೊ ಮತ್ತು ಮುಂಬೈಯಲ್ಲೇ ಹುಟ್ಟಿದ ಅಭಿಜಿತ್ ಬ್ಯಾನರ್ಜಿ ಅದರಲ್ಲಿ ಪಾಠ ಮಾಡುತ್ತಾರೆ. ಪಾಠ ಕೇಳಲು ದುಡ್ಡು ಬೇಡ. ಪರೀಕ್ಷೆಗೆ ಕಟ್ಟುವ ಹಣ ನಿಮ್ಮ ಆದಾಯ ನೋಡಿ ನಿರ್ಧಾರವಾಗುತ್ತದೆ. ಇದು ಎಂ.ಎ.ಗೆ ಬದಲಿಯಲ್ಲ. ಆದರೆ ಕೆಲಸದಲ್ಲಿ ಇರುವಾಗಲೇ "ನನಗೆ ಇದು ನಿಜಕ್ಕೂ ಬೇಕಾ?" ಎಂದು ಪರೀಕ್ಷಿಸಿಕೊಳ್ಳಲು ಇದಕ್ಕಿಂತ ಅಗ್ಗದ ದಾರಿ ನನಗೆ ಗೊತ್ತಿಲ್ಲ. ಐರೋಲಿ, ಹಿಂಜವಡಿಯ ನನ್ನ ಹುಡುಗರಿಗೆ ರಾಜೀನಾಮೆ ಕೊಡುವ ಮುಂಚೆ ಅದರಲ್ಲಿ ಒಂದು ಕೋರ್ಸ್ ಆದರೂ ಮುಗಿಸಿ ಎನ್ನುತ್ತೇನೆ.

ಊರು ಬಿಟ್ಟು ಹೋಗುವುದಾದರೆ

ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಈಗ ಸಿಯುಇಟಿ-ಪಿಜಿ ಮೂಲಕವೇ ದಾರಿ. ಬೆಂಗಳೂರಿನ ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ಕೂಡ ಅದೇ ಪರೀಕ್ಷೆ ನೋಡುತ್ತದೆ. ಸಿಯುಇಟಿ-ಪಿಜಿಯ ಎಕನಾಮಿಕ್ಸ್ ಪತ್ರಿಕೆಯಲ್ಲಿ 75 ಪ್ರಶ್ನೆ, 300 ಅಂಕ, ತಪ್ಪಿಗೆ ಒಂದು ಅಂಕ ಕಡಿತ. ಇದರಲ್ಲಿ ಕೇಳುವುದು ಡಿಗ್ರಿಯ ಎಕನಾಮಿಕ್ಸ್. ಮೈಕ್ರೊ, ಮ್ಯಾಕ್ರೊ, ಭಾರತದ ಆರ್ಥಿಕತೆ ಎಲ್ಲವನ್ನೂ ಸೊನ್ನೆಯಿಂದ ಓದಬೇಕು. ಐಜಿಐಡಿಆರ್ ತಯಾರಿಯಲ್ಲೇ ಇದೂ ಆಗುತ್ತದೆ ಎಂದುಕೊಳ್ಳಬೇಡಿ.

ಐಎಸ್‌ಐನ ಎಂಎಸ್‌ಕ್ಯೂಇ (ಕ್ವಾಂಟಿಟೇಟಿವ್ ಎಕನಾಮಿಕ್ಸ್ ಮಾಸ್ಟರ್ಸ್) ಪ್ರವೇಶ ಪರೀಕ್ಷೆಯಲ್ಲಿ ಎರಡು ಪತ್ರಿಕೆ: ಒಂದು ಗಣಿತ, ಒಂದು ಎಕನಾಮಿಕ್ಸ್. ಸೀಟು ಸಿಕ್ಕರೆ ಸ್ಟೈಪೆಂಡ್ ಕೂಡ ಇದೆ. ಗಣಿತ ಪ್ರೀತಿಸುವವರು ಒಂದು ಸಲ ಬರೆದೇ ನೋಡಿ.

ಹೊರದೇಶ

ನಮ್ಮವರು ಇಲ್ಲೇ ಜಾಸ್ತಿ ದುಡ್ಡು ಕಳೆದುಕೊಳ್ಳುವುದು. ನಾನೂ ಕಳೆದುಕೊಂಡಿದ್ದೇನೆ. ಮೊದಲ ವರ್ಷ ಅಂಧೇರಿಯ ಒಂದು ಏಜೆನ್ಸಿಗೆ ಹಣ ಕಟ್ಟಿ ಎಸ್‌ಒಪಿ (ಈ ಕೋರ್ಸ್ ಯಾಕೆ ಬೇಕು ಎಂದು ಅರ್ಜಿಯ ಜೊತೆ ಕೊಡುವ ಬರಹ) ಬರೆಸಿಕೊಂಡೆ. ಆರು ವಿಶ್ವವಿದ್ಯಾಲಯಕ್ಕೂ ಅದೇ ಎರಡು ಪುಟ ಹೋಯಿತು. ಆರೂ ಕಡೆಯಿಂದ ಇಲ್ಲ ಎಂದೇ ಬಂತು. ಮೂರು ತಿಂಗಳ ಸಂಬಳ ಹೋಯಿತು. ಅಮ್ಮನಿಗೆ ಹೇಳಲು ಎರಡು ವಾರ ಬೇಕಾಯಿತು.

ಅಮೆರಿಕದ ಪಿಎಚ್‌ಡಿಗೆ ಸೀಟು ಸಿಕ್ಕರೆ ಸಾಮಾನ್ಯವಾಗಿ ಫೀ ಮಾಫಿ, ಮೇಲೆ ಸ್ಟೈಪೆಂಡ್. ಮಾಸ್ಟರ್ಸ್‌ಗೆ ಬಹುತೇಕ ಕೈಯಿಂದಲೇ ಹಾಕಬೇಕು. ಪಿಎಚ್‌ಡಿಗೆ ಅವರು ನೋಡುವುದು ಮಲ್ಟಿವೇರಿಯಬಲ್ ಕ್ಯಾಲ್ಕುಲಸ್, ಲೀನಿಯರ್ ಆಲ್ಜೀಬ್ರಾ, ಪ್ರಾಬಬಿಲಿಟಿ, ಅದರ ಮೇಲೆ ರಿಯಲ್ ಅನಾಲಿಸಿಸ್. ಮೊದಲ ಮೂರು ಇಂಜಿನಿಯರಿಂಗ್‌ನವರಿಗೆ ಸ್ವಲ್ಪವಾದರೂ ಇರುತ್ತವೆ. ರಿಯಲ್ ಅನಾಲಿಸಿಸ್ ಇರುವುದಿಲ್ಲ. ಅದರಲ್ಲಿ ಲೆಕ್ಕ ಬಿಡಿಸುವುದಲ್ಲ, ಸಾಧಿಸಿ ತೋರಿಸುವುದು ಮುಖ್ಯ. ಗಣಿತದ ಬಿ.ಎಸ್ಸಿ. ಮಾಡಿದವರಿಗೆ ಈ ಒಂದು ವಿಷಯದಲ್ಲಿ ನಮ್ಮೆಲ್ಲರಿಗಿಂತ ಬಲ ಜಾಸ್ತಿ.

ಹೊರದೇಶದ ಪ್ರವೇಶಕ್ಕೆ ಬರೆಯುವ ಜಿಆರ್‌ಇ ಪರೀಕ್ಷೆ 2023ರ ಸೆಪ್ಟೆಂಬರ್‌ನಿಂದ ಚಿಕ್ಕದಾಗಿದೆ, ಎರಡು ಗಂಟೆಯೊಳಗೆ ಮುಗಿಯುತ್ತದೆ. ಅಂಕ ಐದು ವರ್ಷ ನಡೆಯುತ್ತದೆ. ಶಿಫಾರಸು ಪತ್ರವೇ ನಿಜವಾದ ತೊಡಕು. ಆಫೀಸಿನ ಮ್ಯಾನೇಜರ್ ಬರೆದ ಪತ್ರ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ನಿಮ್ಮ ಸಂಶೋಧನೆ ನೋಡಿದ ಅರ್ಥಶಾಸ್ತ್ರಜ್ಞರ ಪತ್ರ ಬೇಕು. ಅದಕ್ಕೇ ಮೊದಲು ಇಲ್ಲಿ ಮಾಸ್ಟರ್ಸ್ ಮಾಡಿ, ಒಂದೆರಡು ವರ್ಷ ರಿಸರ್ಚ್ ಅಸಿಸ್ಟೆಂಟ್ ಆಗಿ ದುಡಿದು ಹೋಗುವುದು ನಮ್ಮ ಮಕ್ಕಳಿಗೆ ಸರಿಹೊಂದುತ್ತದೆ.

ಯುರೋಪಿನಲ್ಲಿ ಬಾನ್‌ನಂಥ ಜರ್ಮನ್ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಬೋಧನಾ ಶುಲ್ಕ ಇಲ್ಲ ಎಂದು ಕೇಳಿ ಎಲ್ಲರಿಗೂ ಆಸೆ. ಅಲ್ಲಿ ಡಿಗ್ರಿಯಲ್ಲೇ ಇಷ್ಟು ಕ್ರೆಡಿಟ್ ಎಕನಾಮಿಕ್ಸ್ ಓದಿರಬೇಕು ಎಂಬ ಷರತ್ತು ಇರುತ್ತದೆ. ಬೇರೆ ಡಿಗ್ರಿಯವರು ಬೀಳುವುದು ಇಲ್ಲೇ. ಭಾರತದವರಿಗೆ ಎಪಿಎಸ್ (ಓದಿದ ದಾಖಲೆಗಳನ್ನು ಪರಿಶೀಲಿಸಿ ಕೊಡುವ) ಪ್ರಮಾಣಪತ್ರವೂ ಬೇಕು. ಬ್ರಿಟನ್‌ನಲ್ಲಿ ನಮ್ಮಂಥವರಿಗೆಂದೇ ಕೆಲವು ದಾರಿ ಇವೆ. ಎಲ್‌ಎಸ್‌ಇಯಲ್ಲಿ (ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್) ಎಕನಾಮಿಕ್ಸ್ ಎಂ.ಎಸ್ಸಿ.ಯ ಎರಡು ವರ್ಷದ ರೂಪವೂ ಇದೆ, ವಾರಿಕ್‌ನಲ್ಲಿ ಮೊದಲು ಡಿಪ್ಲೊಮಾ ಆಮೇಲೆ ಎಂ.ಎಸ್ಸಿ. ಎಂಬ ವ್ಯವಸ್ಥೆ ಇದೆ. ಫೀ ಮಾತ್ರ ಮನೆ ಅಡವಿಡುವಷ್ಟು. ಸ್ಕಾಲರ್‌ಶಿಪ್ ಇಲ್ಲದೆ ಹೋಗಿ ಎಂದು ನಾನು ಯಾರಿಗೂ ಹೇಳಿಲ್ಲ.

ಎಸ್‌ಒಪಿಯಲ್ಲಿ ಏನು ಬರೆಯುವುದು?

"ಚಿಕ್ಕಂದಿನಿಂದ ಅರ್ಥಶಾಸ್ತ್ರದಲ್ಲಿ ಆಸಕ್ತಿ" ಎಂದು ಬರೆಯಬೇಡಿ. ಹಾಗಿದ್ದರೆ ಯಾಕೆ ಬೇರೆ ಓದಿದಿರಿ ಎಂದು ಓದುವವರು ಕೇಳುತ್ತಾರೆ, ಅಲ್ವಾ? ನಿಮ್ಮ ಕಣ್ಣೆದುರು ಇರುವ ಒಂದು ಪ್ರಶ್ನೆ ಬರೆಯಿರಿ. ಫಾರ್ಮಸಿ ಹುಡುಗಿಗೆ ಅವಳ ಪ್ರಶ್ನೆ ಅಂಗಡಿಯಲ್ಲೇ ಸಿಕ್ಕಿತು. ಅದೇ ಔಷಧ ಜೆನೆರಿಕ್‌ನಲ್ಲಿ ಅಗ್ಗವಾಗಿ ಸಿಕ್ಕರೂ ಬಡವರೇ ಯಾಕೆ ಬ್ರ್ಯಾಂಡ್ ಕೇಳುತ್ತಾರೆ? ಅವಳ ಇಡೀ ಎಸ್‌ಒಪಿ ಅದೊಂದರ ಸುತ್ತ ನಿಂತಿದೆ. ಓದಿದಾಗ ನನಗೆ ಕಣ್ಣು ತುಂಬಿ ಬಂತು. ಅವಳ ಹಳೆಯ ಡಿಗ್ರಿಯೇ ಅವಳ ಬಲವಾಗಿತ್ತು. ಇಂಜಿನಿಯರ್‌ಗೆ ವಿದ್ಯುತ್ ದರ ಇದೆ, ಕೃಷಿ ಓದಿದವನಿಗೆ ಈರುಳ್ಳಿ ಬೆಲೆ ಇದೆ, ಬಿ.ಕಾಂ. ಓದಿದವಳಿಗೆ ಅಪ್ಪನ ಹೋಟೆಲ್ ಲೆಕ್ಕದ ಪುಸ್ತಕ ಇದೆ.

ಯಾವಾಗ ಏನು?

ಹೊರದೇಶದ ಅರ್ಜಿಗಳು ಡಿಸೆಂಬರ್ ಸುತ್ತಮುತ್ತ ಮುಗಿಯುತ್ತವೆ, ಹಾಗಾಗಿ ಜಿಆರ್‌ಇ ಅಕ್ಟೋಬರ್ ಒಳಗೆ ಬರೆದುಬಿಡಿ. ಸಿಯುಇಟಿ-ಪಿಜಿ ಮಾರ್ಚ್ ಹೊತ್ತಿಗೆ. ಐಎಸ್‌ಐ ಮೇ ತಿಂಗಳಲ್ಲಿ. ಐಜಿಐಡಿಆರ್, ಗೋಖಲೆಯ ಪ್ರಕಟಣೆಗಳನ್ನು ಜನವರಿಯಿಂದಲೇ ವಾರಕ್ಕೊಮ್ಮೆ ಅವರ ವೆಬ್‌ಸೈಟ್‌ನಲ್ಲಿ ನೋಡುತ್ತಿರಿ. ದಿನಾಂಕ ವರ್ಷದಿಂದ ವರ್ಷಕ್ಕೆ ಸರಿಯುತ್ತದೆ. ಗಣಿತ ಮರೆತವರು ಅದಕ್ಕೆ ಎಂಟು ತಿಂಗಳ ಮುಂಚೆ ಶುರು ಮಾಡಿ, ದಿನಕ್ಕೆ ಒಂದೂವರೆ ಗಂಟೆ ಸಾಕು. ಕ್ಯಾಲ್ಕುಲಸ್ ಮೊದಲು, ಆಮೇಲೆ ಮ್ಯಾಟ್ರಿಕ್ಸ್, ಆಮೇಲೆ ಪ್ರಾಬಬಿಲಿಟಿ. ಜೊತೆಗೆ 11 ಮತ್ತು 12ರ ಎನ್‌ಸಿಇಆರ್‌ಟಿ ಎಕನಾಮಿಕ್ಸ್ ಪುಸ್ತಕಗಳನ್ನು ಸಣ್ಣವು ಎಂದು ಬಿಡದೆ ಪೂರ್ತಿ ಓದಿ.

ಇನ್ನೊಂದು. ಅರ್ಜಿ ಹಾಕುವಾಗ ದ್ವಿತೀಯ ಪಿಯುಸಿ ಅಂಕಪಟ್ಟಿ ಕೇಳುತ್ತಾರೆ, ಗಣಿತ ಇತ್ತು ಎಂಬುದಕ್ಕೆ ಅದೇ ಸಾಕ್ಷಿ. ಬಹಳ ಮಕ್ಕಳದು ಊರಿನ ಮನೆಯ ಟ್ರಂಕಿನಲ್ಲೇ ಇರುತ್ತದೆ. ಚೌತಿಗೆ ಊರಿಗೆ ಹೋದಾಗ ಮರೆಯದೆ ತಂದಿಟ್ಟುಕೊಳ್ಳಿ.